ಜರಡಿ ಹಿಡಿದ ಮಣ್ಣು

ಹಲಸೂರಿನ ಗರಡಿಮನೆಗೆ ಹೊಸ ಹೆಂಚು ಹೊದಿಸಿ, ಗೋಡೆಗೆ ಗಾರೆ ಮೆತ್ತಿ, ಕೆಲಸದವರು ಎದ್ದುಹೋದ ಮಾರನೆಯ ದಿನ ಸಂಜೀವಪ್ಪ ಪೊರಕೆ ಹಿಡಿದು ಒಳಗೆ ಕಾಲಿಟ್ಟ. ಅವನ ಕೇರಿಯವರು ಯಾರೂ ಆ ಹೊಸ್ತಿಲು ದಾಟಿದವರಲ್ಲ.

"ನಾಳೆ ಹನುಮಂತನ ಪೂಜೆ ಆಗೋವರ್ಗೂ ಇದು ಬರೀ ಕಟ್ಟಡ. ಒಳಗೆ ಬಂದು ತೊಳಿ" ಎಂದಿದ್ದರು ಗರಡಿಯ ಯಜಮಾನ ಚಿಕ್ಕವೆಂಕಟಪ್ಪ. "ಅಖಾಡಕ್ಕೆ ಮಾತ್ರ ಇಳೀಬೇಡ. ಆ ಮಣ್ಣು ನಮ್ಮ ಹುಡುಗ್ರು ನೋಡ್ಕೋತಾರೆ."

ಯುದ್ಧ ಮುಗಿದು ದಂಡಿನ ಬ್ಯಾರಕ್ಕುಗಳು ಖಾಲಿಯಾದ ಮೇಲೆ ಸಂಜೀವಪ್ಪನ ಗುಡಿಸುವ ಕೆಲಸ ಹೋಗಿತ್ತು. ಅವನೂ ಹೆಂಡತಿ ಆದಿಲಕ್ಷ್ಮಿಯೂ ಭಾವಮೈದುನನ ಜಗಲಿಯಲ್ಲಿ ಮಲಗುತ್ತಿದ್ದರು. ಕುಸ್ತಿ ಕಲಿಸುವ ಉಸ್ತಾದ್ ಅಜ್ಮತ್ ಕರೆದು, "ಯಜಮಾನ್ರಿಗೆ ನಿನ್ ಕೆಲ್ಸ ಹಿಡಿಸ್ಲಿ ಭಾಯ್, ಅಂಗಳ, ಚರಂಡಿ ಎಲ್ಲಾ ಖಾಯಮ್ಮಾಗಿ ನಿಂಗೇ. ಹಿತ್ಲಲ್ಲಿ ಶೆಡ್ಡಿದೆ, ಇಬ್ರೂ ಇದ್ಬಿಡಿ" ಎಂದಿದ್ದ. ಆ ಶೆಡ್ಡಿನ ಆಸೆಯೇ ಸಂಜೀವಪ್ಪನ ತೋಳಿಗೆ ಬಲ ಕೊಟ್ಟಿತ್ತು.

ನೆಲಕ್ಕಂಟಿದ ಗಾರೆಯನ್ನು ಕೆರೆದ. ಗದೆಗಳ ಮೇಲಿನ ಸುಣ್ಣದ ಪುಡಿಯನ್ನು ಒರೆಸಿದ. ಕಲ್ಲಿನ ಗುಂಡುಗಳನ್ನು ಮಕ್ಕಳನ್ನು ಮೀಯಿಸುವಂತೆ ತೊಳೆದ. ಎಲ್ಲ ಮುಗಿಯಿತೆನ್ನುವಾಗ ಅಖಾಡದ ಕಡೆ ಕಣ್ಣು ಹೋಯಿತು. ಹೊದಿಸಿದ್ದ ಗೋಣಿ ಒಂದು ಮೂಲೆಯಲ್ಲಿ ಸರಿದಿತ್ತು. ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ತಲೆಮಾರುಗಳಿಂದ ಹದಗೊಂಡ ಕೆಮ್ಮಣ್ಣಿನೊಳಗೆ ಸುಣ್ಣದ ಗಂಟುಗಳು ಬಿದ್ದಿದ್ದವು.

ಸುಣ್ಣ ಸುಡುವುದನ್ನು ಅವನ ಅಂಗೈಯ ಬಿರುಕುಗಳೇ ಹೇಳುತ್ತಿದ್ದವು. ನಾಳೆ ಯಾರದಾದರೂ ಕಣ್ಣಿಗೆ ಹೋದರೆ? ಗುಡಿಸಿದವನು ಯಾರು ಎಂದು ಕೇಳುವುದಿಲ್ಲವೇ? ಇಳಿಯಬೇಡ ಎಂದಿದ್ದರು, ನಿಜ. ಗೋಣಿ ಸರಿದದ್ದು ಯಜಮಾನರಿಗೆ ಗೊತ್ತಿರಲಿಲ್ಲವಲ್ಲ! ಕೇಳೋಣವೆಂದರೆ ಅವರು ಪೇಟೆಗೆ ಹೋಗಿದ್ದರು, ಅಜ್ಮತ್ ದೂರದ ತನ್ನ ಮನೆಯಲ್ಲಿದ್ದ. ಅಂಚಿನಲ್ಲಿ ಕೂತು ಕೈಚಾಚಿದ, ಎಟುಕಲಿಲ್ಲ. ಕೊನೆಗೆ ಕಾಲು ತೊಳೆದುಕೊಂಡು, ಹನುಮಂತನ ಗೂಡಿಗೆ ಕೈಮುಗಿದು, ಇಳಿದ. ಕೆಲಸದವರು ಬಿಟ್ಟುಹೋಗಿದ್ದ ಜರಡಿಯಲ್ಲಿ ಬೊಗಸೆ ಬೊಗಸೆಯಾಗಿ ಮಣ್ಣನ್ನು ಜರಡಿ ಹಿಡಿಯತೊಡಗಿದ.

ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಬಾಗಿಲಲ್ಲಿ ಚಿಕ್ಕವೆಂಕಟಪ್ಪ, ಪಕ್ಕದಲ್ಲಿ ಅಜ್ಮತ್.

"ಇಳಿದ್ಯಾ?" ಎಂದರು ಯಜಮಾನರು.

"ಸುಣ್ಣ ಬಿದ್ದಿತ್ತು ಬುದ್ಧೀ... ಹುಡುಗ್ರಿಗೆ ಕಣ್ಣು..."

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಅಜ್ಮತನ ಕಡೆ ತಿರುಗಿ, "ಸುಣ್ಣ ಬಿದ್ದ ಮಣ್ಣು ಕೆಟ್ಟೋಯ್ತು ಉಸ್ತಾದ್. ಎಲ್ಲಾ ತೆಗ್ಸಿ, ಹೊಸದು ತರ್ಸೋಣ" ಎಂದರು.

"ಜರಡಿ ಹಿಡಿದಿದಾನಲ್ಲ, ಅರ್ಧಕ್ಕರ್ಧ ಚೊಕ್ಕ ಆಗಿದೆ..."

"ಕೆಟ್ಟೋಯ್ತು ಅಂದ್ನಲ್ಲ. ಇವನೇ ಹೊತ್ಹಾಕ್ಲಿ. ನಮ್ಮ ಹುಡುಗ್ರು ಮುಟ್ಟೋದು ಬೇಡ."

ಅಜ್ಮತ್ ಮೀಸೆ ತಿರುವುತ್ತಾ ನೆಲ ನೋಡಿದ. ಯಜಮಾನರು ಅತ್ತ ಹೋದ ಮೇಲೆ ಪಿಸುಗುಟ್ಟಿದ: "ಅರೆ ಪಾಗಲ್, ನಿನ್ ಪಾಡಿಗೆ ನೀನು ಇರ್ಬಾರ್ದಿತ್ತಾ? ಅವ್ರ ಗರಡೀಲಿ ನಾನೆಷ್ಟು ಮಾತಾಡ್ಲಿ, ಹೇಳು?"

ಸಂಜೀವಪ್ಪ ಮಂಕರಿ ತುಂಬಿ ಕೆರೆಯ ದಂಡೆಗೆ ಮಣ್ಣು ಹೊತ್ತ. ತಲೆಮಾರುಗಳ ಬೆವರು ಕುಡಿದ ಮಣ್ಣು, ಕತ್ತು ಮುರಿಯುವಷ್ಟು ಭಾರ. ದಾರಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದವನೊಬ್ಬ, "ಏನ್ಲಾ, ಪೈಲ್ವಾನಾಗ್ಬಿಟ್ಯಾ?" ಎಂದು ನಕ್ಕ. ಅಖಾಡದ ಕುಣಿ ಬರಿದಾದಾಗ ಬಿಸಿಲು ಇಳಿದಿತ್ತು.

"ಬುದ್ಧೀ, ಆ ಶೆಡ್ಡಿನ ಮಾತು..." ಎಂದ, ಹೊಸ್ತಿಲಾಚೆ ನಿಂತು.

"ಹೊಸ ಮಣ್ಣು ಹದ ಆಗೋವರ್ಗೂ ಶೆಡ್ಡಲ್ಲೇ ಕೂಡಿಡ್ಬೇಕಲ್ಲಪ್ಪ" ಎಂದರು ಚಿಕ್ಕವೆಂಕಟಪ್ಪ, ಸಮಾಧಾನ ಮಾಡುವವರಂತೆ. "ಜಾಗ ಎಲ್ಲಿದೆ?"

ಒಳಗಿನ ನೆಲದ ಮೇಲೆ ಸಂಜೀವಪ್ಪನ ಕೆಂಪು ಹೆಜ್ಜೆಗಳಿದ್ದವು. ಒರೆಸಲು ಬಗ್ಗಿದ. "ಇರ್ಲಿ ಬಿಡು" ಎಂದರು ಯಜಮಾನರು. "ಪುರೋಹಿತ್ರು ಬರೋ ಮುಂಚೆ ಹ್ಯಾಗೂ ಎಲ್ಲಾ ತೊಳಿಸ್ಬೇಕು."

ಆದಿಲಕ್ಷ್ಮಿಗೆ ಏನು ಹೇಳುವುದೆಂದು ಹೊಳೆಯದೆ ಕೆರೆಯ ದಂಡೆ ಹಿಡಿದು ನಡೆದ. ತಾನೇ ಸುರಿದ ರಾಶಿಯ ಮುಂದೆ ಕಾಲು ನಿಂತಿತು. ಅವನು ಜರಡಿ ಹಿಡಿದ ನುಣುಪು ಮಣ್ಣು ಮೇಲೆಯೇ ಇತ್ತು. ಅದರ ನಡುವೆ ಕಡಲೆಗಾತ್ರದ ಬಿಳಿ ಗಂಟೊಂದು ಕಾಣಿಸಿತು. ಇದು ಹೇಗೆ ತಪ್ಪಿಸಿಕೊಂಡಿತು? ಹಾಗಾದರೆ ಮಣ್ಣು ನಿಜವಾಗಿಯೂ ಕೆಟ್ಟಿತ್ತೇನೋ. ಯಜಮಾನರು ಹೇಳಿದ್ದೇ ಸರಿಯಿರಬೇಕು, ತನಗೆ ಕೆಲಸ ಬರುವುದಿಲ್ಲ ಎಂದುಕೊಂಡು ಸಂಜೀವಪ್ಪ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತ.