ಕಲಾಪದಿಂದ ದೂರ

ಶವ ಹೊರುವ ವಿಮಾನದ ಮುಂದಿನ ಎರಡು ಬಿದಿರುಗಳಿಗೆ ವಕೀಲರ ಸಂಘದ ಬ್ಯಾನರ್ ಬಿಗಿಯುವ ಭರದಲ್ಲಿದ್ದ ಅಧ್ಯಕ್ಷ ಗವಿಸಿದ್ದೇಶರಿಗೆ, ಅದು ಒಳಗೆ ಕೂತ ಹೆಣದ ಮುಖವನ್ನೇ ಮುಚ್ಚುತ್ತಿದೆ ಎಂಬುದು ಹೊಳೆದಿರಲಿಲ್ಲ. ತೀರಿಕೊಂಡವರ ಅಕ್ಕ ಕೊಟ್ರಮ್ಮ ಹೊಸ್ತಿಲಿನಿಂದಲೇ, "ಒಂದೀಟು ಕೆಳಗ ಇಳಸ್ರಿ, ಆಕಿ ಮಕ ಕಾಣವಲ್ದು," ಎಂದ ಮೇಲೆ ಒಂದು ಗೇಣು ಇಳಿಸಿದರು. ಈಗ ಕಲ್ಯಾಣಮ್ಮನ ವಿಭೂತಿ ಹಚ್ಚಿದ ಹಣೆ, ಕಣ್ಣು, ಮೂಗು ಕಂಡವು. ಬಾಯಿ ಮಾತ್ರ ಸಂಘದ ಹೆಸರಿನ ಹಿಂದೆಯೇ ಉಳಿಯಿತು. ಸಂಘಕ್ಕೆ ಬೇಕಾಗಿದ್ದೂ ಅಷ್ಟೇ. ಬ್ಯಾನರ್ ಹೊಸದೇನಲ್ಲ, ಹೋದ ವರ್ಷದ ಕ್ರಿಕೆಟ್ ಪಂದ್ಯಕ್ಕೆ ಬರೆಸಿದ್ದು. ಪಂದ್ಯದ ಸಾಲನ್ನು ಒಳಕ್ಕೆ ಮಡಚಿ ಪಿನ್ನು ಹಾಕಿದ್ದರು.

ಇಪ್ಪತ್ತು ವರ್ಷಗಳ ಹಿಂದೆ ಆ ತಾಲ್ಲೂಕು ಕೋರ್ಟಿನಲ್ಲಿ ಮೊದಲು ಕರಿಕೋಟು ತೊಟ್ಟ ಹೆಂಗಸು ಕಲ್ಯಾಣಮ್ಮ. ಹಿಂದಿನ ಸಂಜೆ ಕೇಸಿನ ಕಟ್ಟು ಬಿಚ್ಚಿಕೊಂಡು ಕೂತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಒರಗಿದ್ದರು. ಅವರಿಗೆ ಗಂಡ ಮಕ್ಕಳಿರಲಿಲ್ಲ, ಮಾತಿನಲ್ಲಿ ನಯವಿರಲಿಲ್ಲ, ಇನ್ನೊಬ್ಬರನ್ನು ಹೊಗಳಲು ಬಾಯಿ ಬರುತ್ತಿರಲಿಲ್ಲ. ಬದುಕಿದ್ದಾಗ ಅವರನ್ನು ಕಂಡರೆ ಬೇರೆ ಬಾಗಿಲು ಹಿಡಿಯುತ್ತಿದ್ದ ವಕೀಲರೆಲ್ಲ ಇವತ್ತು ತೋಳಿಗೆ ಕರಿಪಟ್ಟಿ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು. ಹೂವಿನಹಡಗಲಿಯಿಂದ ಮಲ್ಲಿಗೆ ಹಾರ ತರಿಸಿದ್ದರು. ಸಂಘದ ಒಂದು ಕಣ್ಣೇ ಹೋಯಿತು ಎಂದು ಒಬ್ಬರು ಎಲ್ಲರಿಗೂ ಕೇಳುವಂತೆ ಕೊರಗುತ್ತಿದ್ದರು. ಹೋದ ವಾರವಷ್ಟೇ ಚಹಾದಂಗಡಿಯಲ್ಲಿ ಆ ಕಣ್ಣನ್ನು ಮಾರಿ ಎಂದು ಕರೆದಿದ್ದವರೂ ಅವರೇ.

ಅವರ ನಡುವೆ ಅಳದೆ ನಿಂತಿದ್ದವಳು ಶೃತಿ. ಚಿಗಟೇರಿ ಕಡೆಯ ಕುರಿ ಸಾಕುವ ಮನೆಯ ಮಗಳು, ವಕೀಲಿಯ ಸನ್ನದು ಪಡೆದು ಎರಡು ವರ್ಷದಿಂದ ಕಲ್ಯಾಣಮ್ಮನ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು. ಅಳಲು ಅವಳಿಗೆ ಪುರಸೊತ್ತಿರಲಿಲ್ಲ. ಪಕ್ಕದಲ್ಲಿ ಪಾಲಮ್ಮ ನಿಂತಿದ್ದಳು. ಪಾಲಮ್ಮನ ಮೊಲೆ ಬಿಡದ ಕೂಸನ್ನು ಗಂಡನ ಮನೆಯವರು ಕಿತ್ತುಕೊಂಡು ಅವಳನ್ನು ಹೊರಗೆ ಹಾಕಿದ್ದರು. ಕಲ್ಯಾಣಮ್ಮ ಕೋರ್ಟಿಗೆ ಅರ್ಜಿ ಹಾಕಿ, ಕೂಸನ್ನು ಇವತ್ತು ತಂದು ಹಾಜರುಪಡಿಸುವಂತೆ ಪೊಲೀಸರಿಗೆ ಹುಕುಂ ಕೊಡಿಸಿದ್ದರು. ತಾಯಿಯ ಪರವಾಗಿ ವಕೀಲರು ಯಾರೂ ಏಳದಿದ್ದರೆ ಕೇಸು ಮುಂದಕ್ಕೆ ಹೋಗುತ್ತದೆ, ಕೂಸು ಅಪ್ಪನ ಜೊತೆ ವಾಪಸು ಹೋಗುತ್ತದೆ. ಆ ಮನೆಯವರು ಗೋವಾಕ್ಕೆ ದುಡಿಯಲು ಹೊರಟು ಗಂಟುಮೂಟೆ ಕಟ್ಟಿದ್ದರು. ಹೋದ ಮೇಲೆ ಅವರನ್ನು ಅಲ್ಲಿ ಎಲ್ಲೆಂದು ಹುಡುಕುವುದು?

ಬೆಳಿಗ್ಗೆ ಸಂಘ ತುರ್ತುಸಭೆ ಕರೆದು, ಅಗಲಿದ ಹಿರಿಯ ವಕೀಲೆಯ ಗೌರವಾರ್ಥ ಸದಸ್ಯರೆಲ್ಲ ದಿನವಿಡೀ ಕಲಾಪದಿಂದ ದೂರ ಉಳಿಯಬೇಕೆಂದು ಠರಾವು ಮಾಡಿತ್ತು. ಠರಾವು ಮಂಡಿಸಿದವರು ಗವಿಸಿದ್ದೇಶ. ಪಾಲಮ್ಮನ ಗಂಡನ ಪರ ವಕೀಲರೂ ಇದೇ ಗವಿಸಿದ್ದೇಶ.

ಬ್ಯಾನರ್ ಮುಗಿಸಿ ಕೈ ಒರೆಸಿಕೊಂಡು ಅವರೇ ಶೃತಿಯ ಹತ್ತಿರ ಬಂದರು. ಮೆರವಣಿಗೆ ಕೋರ್ಟಿನ ಗೇಟಿನಲ್ಲಿ ನಿಲ್ಲುತ್ತದೆ, ಅಲ್ಲಿ ಶಿಷ್ಯೆಯಾಗಿ ನೀನೂ ಎರಡು ಮಾತು ಆಡಬೇಕು, ಗುರುವಿನ ಋಣ ಎಂದರು. ಶೃತಿ ಕೂಸಿನ ಕೇಸಿನ ಮಾತೆತ್ತಿದಳು. ಹದಿನೈದು ದಿನ ಮುಂದೆ ಹೋದರೆ ಆಕಾಶ ಬೀಳುವುದಿಲ್ಲ ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ನಿನ್ನ ಮೆಂಬರ್‌ಶಿಪ್ ಅರ್ಜಿ ನಾಳಿನ ಮೀಟಿಂಗಿನ್ಯಾಗ ನಾನ ಪಾಸ್ ಮಾಡಸ್ತೀನಿ. ನನ್ನ ಆಫೀಸಿನ್ಯಾಗ ನಿನಗೊಂದು ಕುರ್ಚಿನೂ ಐತಿ. ಇವತ್ತು ಒಳಗ ಹೋದಿ ಅಂದ್ರ ಮಾತ್ರ ಈ ಊರಾಗ ನಿನ್ನ ಬಾಜು ಯಾರೂ ನಿಂದ್ರಂಗಿಲ್ಲ ನೋಡವಾ."

ಎರಡು ವರ್ಷದಿಂದ ಆ ಅರ್ಜಿ ಪರಿಶೀಲನೆಯಲ್ಲಿತ್ತು. ಕುರಿಯವರ ಹುಡುಗಿಯ ಅರ್ಜಿಯಲ್ಲಿ ಅಷ್ಟೊಂದು ಪರಿಶೀಲಿಸುವುದು ಏನಿತ್ತೋ ಆ ಮಹಾನುಭಾವರಿಗೇ ಗೊತ್ತು. ಶೃತಿ ಇಲ್ಲಿಯವರೆಗೂ ಸಂಘದ ಕೋಣೆಯೊಳಗೆ ಕೂತವಳಲ್ಲ. ಮಧ್ಯಾಹ್ನ ಟೈಪಿಸ್ಟರ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದಳು. ಈಗ ಇದ್ದೊಬ್ಬ ಹಿರಿಯರೂ ಹೋದರು. ಗವಿಸಿದ್ದೇಶರ ಮಾತಿಗೆ ಅವಳಿಗೆ ಆಸೆಯಾಯಿತು. ಆಸೆಯಾಯಿತಲ್ಲ ಎಂದು ತನ್ನ ಮೇಲೆಯೇ ಅಸಹ್ಯವೂ ಆಯಿತು. ಮೆರವಣಿಗೆ ಹೊರಟಾಗ ಪಾಲಮ್ಮನನ್ನು ಕರೆದುಕೊಂಡು ಹಿಂದೆ ನಡೆದಳು.

*

ಸಂಘಕ್ಕೆ ಹೆಂಗಸರ ಮೇಲೆ ಗೌರವ ಬಹಳ. ಹತ್ತಿ ಮಿಲ್ಲಿನ ಸಾಹುಕಾರರ ಸೊಸೆ ಶೈಲಾ ವಕೀಲೆಯಾಗಿ ಬಂದ ವರ್ಷ, ಅಂದರೆ ತೊಂಬತ್ತರಲ್ಲಿ, ಮಹಿಳಾ ಪ್ರತಿನಿಧಿ ಎಂಬ ಹೊಸ ಹುದ್ದೆಯನ್ನೇ ಹುಟ್ಟಿಸಿತು. ಹೊಸದಾಗಿ ಬರುವ ನ್ಯಾಯಾಧೀಶರಿಗೆ ಆರತಿ ಎತ್ತುವುದು, ವರ್ಗವಾಗಿ ಹೋಗುವವರಿಗೆ ಹಣ್ಣಿನ ಬುಟ್ಟಿ ಕೊಡುವುದು, ಸಭೆಯಲ್ಲಿ ಪ್ರಾರ್ಥನೆ ಹಾಡುವುದು ಆ ಹುದ್ದೆಯ ಕೆಲಸ. ಪ್ರಾರ್ಥನೆ ಮುಗಿದ ಮೇಲೆ ಬಾಯಿ ತೆರೆಯುವುದು ಅದರಲ್ಲಿ ಸೇರಿರಲಿಲ್ಲ.

ಆ ಭಾಗ್ಯ ಮೊದಲು ಕಲ್ಯಾಣಮ್ಮನ ಪಾಲಿಗೆ ಬಂತು. ಹೊಸ ಸಾಹೇಬರು ಜೀಪಿನಿಂದ ಇಳಿಯುವಾಗ ಯಾರೋ ಆರತಿ ತಟ್ಟೆ ಅವರ ಕೈಗೆ ತುರುಕಿದರು. ಕಲ್ಯಾಣಮ್ಮ ಅದನ್ನು ಹಾಗೇ ಆಗಿನ ಅಧ್ಯಕ್ಷ ಬೆನಕಪ್ಪನವರ ಕೈಗೆ ದಾಟಿಸಿದರು.

"ನಾನು ಸನ್ನದು ತಗಂಡಿದ್ದು ಇದಕ್ಕಲ್ರಿ. ದೀಪ ಆರಾಕತ್ತೈತಿ, ನೀವ ಎತ್ರಿ."

ಬೆನಕಪ್ಪನವರ ಕೈಯಲ್ಲಿ ತಟ್ಟೆ ವಾಲಿ ಕುಂಕುಮದ ನೀರು ಬಿಳಿ ಪ್ಯಾಂಟಿಗೆ ಚೆಲ್ಲಿತು. ಹಿರಿಯರ ಮಾನ ಉಳಿಸಲೆಂದು ಶೈಲಾ ಓಡಿಬಂದು ತಟ್ಟೆ ಹಿಡಿದಳು, ಆರತಿ ಎತ್ತಿದಳು. ಅವತ್ತಿನಿಂದ ಕಲ್ಯಾಣಮ್ಮ ಅವಳನ್ನು ಕರೆದಿದ್ದು ಆರತಿ ವಕೀಲಿ ಎಂದೇ. ಬೆನ್ನ ಹಿಂದಲ್ಲ, ಕಕ್ಷಿದಾರರ ಎದುರಿಗೇ. ಶೈಲಾ ಮಾತು ಬಿಟ್ಟಳು. ಕಲ್ಯಾಣಮ್ಮನಿಗೆ ಇದು ಬೇಕಿರಲಿಲ್ಲ, ಆದರೆ ನಾಲಿಗೆ ಅವರ ಮಾತು ಕೇಳುತ್ತಿರಲಿಲ್ಲ. ಸಂಘದ ಗಂಡಸರಿಗೆ ಮಾತ್ರ ಇದಕ್ಕಿಂತ ಹಿತವಾದ ಸುದ್ದಿ ಬೇರೆ ಇರಲಿಲ್ಲ. ಇದ್ದ ಇಬ್ಬರು ಹೆಂಗಸರು ಒಟ್ಟಿಗೆ ಕೂತು ಏನಾದರೂ ಕೇಳಿಯಾರು ಎಂಬ ಭಯ ತಪ್ಪಿತು.

*

ಮುಂದೆ ಬೆನಕಪ್ಪನವರು ತೀರಿಕೊಂಡಾಗಲೂ ಸಂಘ ಕಲಾಪದಿಂದ ದೂರ ಉಳಿಯಿತು. ಯಾರು ಸತ್ತರೂ ಅದು ದೂರ ಉಳಿಯುತ್ತದೆ. ದೂರ ಉಳಿದವರಲ್ಲಿ ಅರ್ಧ ಮಂದಿ ಮಣ್ಣಿಗೂ ಹೋಗದೆ ಕ್ಲಬ್ಬಿನಲ್ಲಿ ಇಸ್ಪೀಟಿಗೆ ಕೂರುತ್ತಾರೆ. ಅವತ್ತು ಕಲ್ಯಾಣಮ್ಮ ಬೆಳಿಗ್ಗೆಯೇ ಬೆನಕಪ್ಪನವರ ಮನೆಗೆ ಹೋಗಿ, ಹೂ ಹಾಕಿ ಕೈಮುಗಿದು, ಅಲ್ಲಿಂದ ನೆಟ್ಟಗೆ ಕೋರ್ಟಿಗೆ ನಡೆದರು. ಗೇಟಿನಲ್ಲಿ ಗವಿಸಿದ್ದೇಶರು ಅಡ್ಡ ನಿಂತು, ಸತ್ತವರಿಗೆ ಇಷ್ಟೂ ಮರ್ಯಾದೆ ಇಲ್ಲವೇ ಎಂದು ಕೇಳಿದರು.

"ಬೆನಕಪ್ಪನೋರು ಸಂಜಿತನಕ ಅಲ್ಲೇ ಕುಂತಿರ್ತಾರ, ಎಲ್ಲಿಗೂ ಹೋಗಂಗಿಲ್ಲ. ನನ್ನ ಕಕ್ಷಿದಾರಳಿಗೆ ಕೊಟ್ಟೂರು ಬಸ್ಸು ತಪ್ಪಿಹೋಗ್ತತಿ. ಸರೀರಿ ಅತ್ಲಾಗ."

ಸಂಘ ಅವರನ್ನು ಖಂಡಿಸಿತು. ಆ ವರ್ಷವೆಲ್ಲ ಯಾವ ವಕೀಲರೂ ಅವರ ಕೂಡ ಒಂದು ಲೋಟ ಚಹಾ ಕುಡಿಯಲಿಲ್ಲ. ಕಲ್ಯಾಣಮ್ಮ ಕೋರ್ಟಿನಲ್ಲಿ ತಲೆ ಎತ್ತಿಯೇ ಓಡಾಡಿದರು. ಮನೆಯಲ್ಲಿ ಮಾತ್ರ ಒಮ್ಮೆ, ರೊಟ್ಟಿ ತಟ್ಟುತ್ತಿದ್ದ ಅಕ್ಕನ ಪಕ್ಕ ಕೂತು, ಗೆದ್ದ ದಿನ ಹೇಳಿಕೊಳ್ಳಲಿಕ್ಕೂ ಒಬ್ಬರಿಲ್ಲದ ಕಸುಬಾಯಿತಲ್ಲ ಇದು ಎಂದಿದ್ದರು. ಕೊಟ್ರಮ್ಮ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದಳು.

*

ಮೆರವಣಿಗೆ ಕೋರ್ಟಿನ ಗೇಟಿಗೆ ಬಂದಾಗ ಬಿಸಿಲು ಏರಿತ್ತು. ಒಳಗೆ ನ್ಯಾಯಾಧೀಶರು ಕೂತಿದ್ದರು. ವಕೀಲರಿಲ್ಲದ ಕೇಸುಗಳನ್ನು ಒಂದೊಂದಾಗಿ ಮುಂದಕ್ಕೆ ಹಾಕುತ್ತಿದ್ದರು. ಹೊರಗೆ ಗವಿಸಿದ್ದೇಶರು ಹಾರ ಕೈಯಲ್ಲಿ ಹಿಡಿದೇ ಭಾಷಣ ಶುರು ಮಾಡಿದರು. ದಿಟ್ಟ ಮಹಿಳೆ ಎಂದರು, ನೊಂದವರ ತಾಯಿ ಎಂದರು, ನಮ್ಮೆಲ್ಲರ ಸಹೋದರಿ ಎಂದರು. ವಕೀಲರು ತಲೆ ತಗ್ಗಿಸಿ ಗಡಿಯಾರ ನೋಡಿಕೊಂಡರು.

ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಪೊಲೀಸು, ಪಾಲಮ್ಮನ ಗಂಡ ಮತ್ತು ಅತ್ತೆ ನಿಂತಿದ್ದರು. ಅತ್ತೆಯ ಸೊಂಟದ ಮೇಲೆ ಕೂಸಿತ್ತು. ಪಾಲಮ್ಮನಿಗೆ ಎದೆ ಸೋರಿ ರವಿಕೆ ಒದ್ದೆಯಾಯಿತು. ಅವಳು ಸೆರಗು ಎಳೆದುಕೊಂಡಳು.

"ಯಕ್ಕಾ, ನಮ್ಮ ಹೆಸರು ಕೂಗಿಬಿಟ್ರ?" ಎಂದು ಕೇಳಿದಳು.

ಶೃತಿ ಅವಳ ಮುಖ ನೋಡಲಾರದೆ ತನ್ನ ಸೀರೆಯನ್ನು ನೋಡಿಕೊಂಡಳು. ಸಾವಿನ ಮನೆಗೆಂದು ಬರಿಯ ಬಿಳಿ ಸೀರೆಯಲ್ಲಿ ಬಂದಿದ್ದಳು. ಕೋಟಿಲ್ಲದೆ ನಿಂತರೆ ಸಾಹೇಬರು ಮಾತು ಕೇಳುವಂತಿಲ್ಲ. ಇದೂ ಒಂದು ನೆಪವಾಯಿತಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು ಅವಳಿಗೆ. ಅಷ್ಟರಲ್ಲಿ ಭುಜದ ಹತ್ತಿರ ಯಾರೋ ನಿಂತಂತಾಯಿತು. ಶೈಲಾ. ಈಗ ಅವಳು ಸಂಘದ ಜಂಟಿ ಕಾರ್ಯದರ್ಶಿ. ಎರಡು ವರ್ಷದಲ್ಲಿ ಶೃತಿಯ ಜೊತೆ ಒಂದು ಮಾತೂ ಆಡಿದವಳಲ್ಲ. ಅವಳು ತನ್ನ ಕರಿಕೋಟನ್ನು ಬಿಚ್ಚುತ್ತಿದ್ದಳು.

"ಮುಂಜಾನಿ ಸಾಹೇಬರಿಗೆ ಕೊಟ್ಟ ಪತ್ರ ಬರದಾಕಿ ನಾನು," ಎಂದಳು. "ಸಂಘದ ಸದಸ್ಯರು ಬರಂಗಿಲ್ಲ ಅಂತ ಐತಿ ಅದರಾಗ. ನೀನೆಲ್ಲಿ ಸದಸ್ಯಳು?"

ಶೃತಿ ಕೋಟಿಗೆ ಕೈ ಚಾಚಲಿಲ್ಲ. ನಿಮಗೆ ತೊಂದರೆಯಾಗುತ್ತದೆ ಮೇಡಂ ಎಂದಳು.

"ಆಕಿ ಮ್ಯಾಲಿನ ಪ್ರೀತಿಗೆ ಕೊಡಾಕತ್ತಿಲ್ಲ ಇದನ್ನ. ಹನ್ನೆರಡು ವರ್ಷ ನನ್ನ ಆರತಿ ವಕೀಲಿ ಅಂದ್ಲು, ಸಾಯಾತನಕ ಮರೆಯಂಗಿಲ್ಲ ನಾನು. ಆದ್ರ ಆಕಿ ಹೆಣ ಅಡ್ಡ ಇಟಗಂಡು ಈ ಮಂದಿ ಆಕೀದ ಕೇಸು ಗೆಲ್ಲಾದು ನನಗ ನೋಡಾಕ ಆಗಂಗಿಲ್ಲ. ಹಾಕ್ಕೊ ಮೊದ್ಲು."

ಒಳಗಿನಿಂದ ಕೋರ್ಟಿನ ಜವಾನ ಪಾಲಮ್ಮನ ಹೆಸರು ಕೂಗಿದ. ಶೃತಿ ಕೋಟು ತೊಟ್ಟು, ಪಾಲಮ್ಮನ ಕೈ ಹಿಡಿದು, ಭಾಷಣ ಕೇಳುತ್ತಿದ್ದವರ ನಡುವೆಯೇ ಹಾದು ಮೆಟ್ಟಿಲು ಹತ್ತಿದಳು.

ನ್ಯಾಯಾಧೀಶರು ಮುಂದಿನ ತಾರೀಕು ಬರೆಯಲು ಪೆನ್ನೆತ್ತಿದ್ದರು. ತೋಳು ಬೆರಳು ಮುಚ್ಚುವಷ್ಟು ಉದ್ದದ ಕೋಟಿನಲ್ಲಿ ಎದ್ದು ನಿಂತವಳನ್ನು ಕಂಡು, ಇವತ್ತು ವಕೀಲರು ಯಾರೂ ಬರುವುದಿಲ್ಲವೆಂದು ಸಂಘದ ಪತ್ರ ಬಂದಿದೆಯಲ್ಲ ಎಂದರು.

"ಅದು ಸದಸ್ಯರಿಗೆ, ಸ್ವಾಮಿ," ಎಂದಳು ಶೃತಿ. "ನನ್ನ ಅರ್ಜಿಯನ್ನು ಎರಡು ವರ್ಷದಿಂದ ಹಾಗೇ ಇಟ್ಟಿದ್ದಾರೆ. ನಾನು ಆ ಸಂಘದವಳಲ್ಲ."

ನ್ಯಾಯಾಧೀಶರು ಪತ್ರ ತೆಗೆದು ಇನ್ನೊಮ್ಮೆ ಓದಿದರು. ನಂತರ ಪೆನ್ನು ಕೆಳಗಿಟ್ಟು, ಮುಂದುವರಿಸಿ ಎಂದರು. ಶೃತಿ ಹೇಳಿದ್ದು ಹೆಚ್ಚೇನಲ್ಲ. ಕೂಸಿಗೆ ಇನ್ನೂ ವರ್ಷ ತುಂಬಿಲ್ಲ, ತಾಯಿಯ ಹಾಲು ಬತ್ತಿಲ್ಲ, ಇವರು ಊರು ಬಿಟ್ಟರೆ ಕೋರ್ಟಿನ ಹುಕುಂ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ ಎಂದಳು. ನಿನ್ನ ವಕೀಲರೆಲ್ಲಿ ಎಂದು ಸಾಹೇಬರು ಗಂಡನನ್ನು ಕೇಳಿದಾಗ ಅವನು ಗೇಟಿನ ಕಡೆ ಕೈ ತೋರಿಸಿ, ಅಲ್ಲೇ ಭಾಷಣ ಮಾಡುತ್ತಿದ್ದಾರೆ ಎಂದ.

ಸುದ್ದಿ ಹೊರಗೆ ಮುಟ್ಟಿತ್ತು. ನಮ್ಮೆಲ್ಲರ ಸಹೋದರಿಯನ್ನು ಅಲ್ಲಿಯೇ ಬಿಟ್ಟು ಗವಿಸಿದ್ದೇಶರು ಓಡಿಬಂದರು. ಹಾರ ಇನ್ನೂ ಕೈಯಲ್ಲೇ ಇತ್ತು. ಎದುರುದಾರರ ಪರ ತಾವಿರುವುದಾಗಿ ಏದುಸಿರು ಬಿಡುತ್ತ ಹೇಳಿದರು. ಅವರ ಹಿಂದೆ ಕರಿಪಟ್ಟಿಯ ವಕೀಲರೆಲ್ಲ ಬಾಗಿಲಿಗೆ ಮುತ್ತಿದರು.

ನ್ಯಾಯಾಧೀಶರು ಪತ್ರದ ಕೊನೆಯಲ್ಲಿದ್ದ ಗವಿಸಿದ್ದೇಶರ ಸಹಿಯ ಮೇಲೆ ಬೆರಳಿಟ್ಟರು.

"ತಾವು ಕಲಾಪದಿಂದ ದೂರ ಇದ್ದೀರಿ ಅಧ್ಯಕ್ಷರೇ. ಇಂಥ ಶೋಕದ ದಿನ ನಿಮ್ಮ ಠರಾವು ನಾನು ಮುರಿಸಬಾರದು."

ವಿಚಾರಣೆ ಮುಗಿಯುವವರೆಗೆ ಕೂಸು ತಾಯಿಯ ಬಳಿ ಇರಲಿ ಎಂದು ಹುಕುಂ ಆಯಿತು. ಅತ್ತೆ ಕೊಡಲೊಲ್ಲದೆ ಕೊಟ್ಟಳು. ಪಾಲಮ್ಮನಿಗೆ ಹೊರಗೆ ಹೋಗುವಷ್ಟೂ ತಾಳ್ಮೆ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. ಎಬ್ಬಿಸಲು ಬಂದ ಜವಾನ ಸಾಹೇಬರ ಕಡೆ ನೋಡಿದ. ಸಾಹೇಬರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಅವನು ಸುಮ್ಮನೆ ಹಿಂದೆ ಸರಿದ.

ಗವಿಸಿದ್ದೇಶರು ಹಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗೆ ಅವರಿಗೆ ಕೆಲಸವಿರಲಿಲ್ಲ. ಹೊರಗೆ ಅವರ ಭಾಷಣ ಅರ್ಧಕ್ಕೆ ನಿಂತು, ವಿಮಾನ ಹೊತ್ತವರು ಬಿಸಿಲಲ್ಲಿ ಹೆಗಲು ಬದಲಿಸುತ್ತಿದ್ದರು. ಪಾಲಮ್ಮ ವಕೀಲರ ಮೇಜಿನ ಕಾಲಿಗೆ ಒರಗಿ, ಬಾಗಿಲಲ್ಲಿದ್ದ ಗಂಡಸರಿಗೆಲ್ಲ ಬೆನ್ನು ಮಾಡಿ, ಕೂಸನ್ನು ಎದೆಗೆ ಹಾಕಿಕೊಂಡಿದ್ದಳು.