ಏಳನೆಯ ಪುಟದ ತಪ್ಪು

"ಕೆಳಗಿನವರು ಎತ್ತಿ ಹಿಡೀರಿ, ಮೇಲಿನವರು ತಗ್ಗಿಸಿ. ಆತುರ ಬೇಡ!"

ಮೂರನೆಯ ಮಹಡಿಯಿಂದ ಅಮ್ಮನ ಶವಪೆಟ್ಟಿಗೆ ಇಳಿಯುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದ ಮುದುಕ ಯಾರೆಂದು ಮಗಳಿಗೆ ಗೊತ್ತಿರಲಿಲ್ಲ. ಕರೆಯದೆ ಬಂದು ಯಜಮಾನಿಕೆ ಬೇರೆ ಮಾಡುತ್ತಾನಲ್ಲ ಎಂದು ಮೈ ಉರಿಯಿತು. ಆದರೆ ಅಷ್ಟು ಹೊತ್ತು ಗೋಡೆಗೆ ಬಡಿಯುತ್ತಿದ್ದ ಪೆಟ್ಟಿಗೆ, ಅವನು ಹೇಳಿದಂತೆ ಮಾಡಿದಾಗ ಸಲೀಸಾಗಿ ತಿರುಗಿತು.

ಬಂದವರು ಹನ್ನೊಂದು ಮಂದಿ. ಸೋದರಮಾವ ಕಿವಿಯಲ್ಲಿ ಉಸುರಿದ: "ಪ್ರೊಫೆಸರ್ ಆಗಿದ್ದಿದ್ರೆ ಬೀದಿ ತುಂಬ ಜನ ಇರ್ತಿದ್ರು ಕಣೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡ್ಲು ನನ್ನಕ್ಕ."

* * *

ಯಂತ್ರಗಳನ್ನು ಹದ್ದುಬಸ್ತಿನಲ್ಲಿಡುವ ಗಣಿತ ಅಮ್ಮನದು. ತೂಗಾಡುವ ಭಾರವನ್ನು ತುಸು ತಡವಾಗಿ ತಿದ್ದಿದರೂ ಹತೋಟಿಗೆ ತರಬಹುದೆಂದು ಅವಳು ಸಾಧಿಸಿದ ಪ್ರಮೇಯ ಹೆಸರು ತಂದಿತ್ತು. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಹತ್ತು ದಿನವಿದ್ದಾಗ, ಪಾಠಕ್ಕೆಂದು ಆ ಪ್ರಬಂಧವನ್ನೇ ತಿರುವಿಹಾಕುತ್ತಿದ್ದವಳು ಏಳನೆಯ ಪುಟದಲ್ಲಿ ನಿಂತುಬಿಟ್ಟಳು. ಊಟ ತಟ್ಟೆಯಲ್ಲೇ ಆರಿತು.

"ತಪ್ಪಿದೆ ಕಣೇ. ಭಾರ ಹೆಚ್ಚಾದ್ರೆ, ತಿದ್ದಿದಷ್ಟೂ ತೂಗಾಟ ಏರುತ್ತೆ."

"ಆರು ವರ್ಷದಿಂದ ಯಾರೂ ಕಂಡುಹಿಡಿದಿಲ್ವಲ್ಲ. ಇನ್ನು ಹತ್ತು ದಿನ ಬಾಯಿ ಮುಚ್ಕೊಂಡಿರು."

"ಇದನ್ನ ನಂಬಿ ಯಾರಾದ್ರೂ ಏನಾದ್ರೂ ಕಟ್ಟಿದ್ರೆ?"

"ನಿನ್ನ ಗಣಿತ ನಂಬ್ಕೊಂಡು ಯಾರಮ್ಮಾ ಏನು ಕಟ್ತಾರೆ!" ಎಂದು ಮಗಳು ನಕ್ಕಿದ್ದಳು.

ಅಮ್ಮ ನಗಲಿಲ್ಲ. ಒಂದು ಪುಟದ ತಿದ್ದುಪಡಿ ಬರೆದು ಅಚ್ಚಿಗೆ ಕಳಿಸಿದಳು, ವಿಳಾಸ ಸಿಕ್ಕವರಿಗೆಲ್ಲ ಅಂಚೆಗೂ ಹಾಕಿದಳು. ಹುದ್ದೆ ಬೇರೆಯವರ ಪಾಲಾಯಿತು. ಕಾಲೇಜಿನ ಕಾರಿಡಾರಿನ ಕೊನೆಯ ಕೋಣೆಯಿಂದಲೇ ನಿವೃತ್ತಳಾದಳು. ಆ ನಗುವಿಗೆ ಕ್ಷಮೆ ಕೇಳಬೇಕೆಂದು ಮಗಳು ಎಷ್ಟೋ ಸಲ ಅಂದುಕೊಂಡಿದ್ದಳು. ನಾಳೆ ನಾಳೆ ಎನ್ನುತ್ತ ಇಪ್ಪತ್ತು ವರ್ಷ ಕಳೆದವು.

* * *

ಸ್ಮಶಾನದಲ್ಲಿ, ಗುಂಡಿಯ ಬಳಿ, ಮುದುಕ ಮಗಳ ಪಕ್ಕಕ್ಕೆ ಬಂದು ನಿಂತ.

"ನೀವು ಕಾಲೇಜಿನವರಾ?"

"ಇಲ್ಲಮ್ಮ, ಪೇಪರಿನಲ್ಲಿ ನೋಡಿ ಬಂದೆ. ಬಂದರಿನಲ್ಲಿ ಕ್ರೇನ್ ನಡೆಸ್ತಿದ್ದೆ. ಹೊಸ ಕ್ರೇನಿಗೆ ನಿಮ್ಮ ತಾಯಿಯ ಲೆಕ್ಕಾನೇ ಅಳವಡಿಸಿದ್ರು. ಪೂರ್ತಿ ಭಾರ ಎತ್ತಿದ್ರೆ ಸಾಕು, ಉಯ್ಯಾಲೆ ಥರ ಆಡೋದು. ಕೆಳಗಡೆ ಜನ! ಎಲ್ಲರೂ ನನ್ನ ಕೈನೇ ಸರಿಯಿಲ್ಲ ಅಂದ್ರು, ಕೆಲಸದಿಂದ ತೆಗೆಯೋದೊಂದು ಬಾಕಿ. ಅಷ್ಟರಲ್ಲಿ ಆ ಒಂದು ಪುಟ ಬಂತು. ಅವತ್ತೇ ಕ್ರೇನ್ ನಿಲ್ಲಿಸಿದ್ರು."

ಮಗಳು ಪೂರ್ತಿ ಅವನತ್ತ ತಿರುಗಿದಳು.

"ಮುಂದಿನ ವಾರ ಅವರೇ ಬಂದ್ರು. ಏಣಿ ಹತ್ತಿ ನನ್ನ ಪಕ್ಕ ಕೂತು, 'ತಪ್ಪು ನಿಮ್ಮ ಕೈಯದಲ್ಲ, ನನ್ನದು' ಅಂದ್ರು."

"ಅಮ್ಮನಾ? ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೂ ಅವಳಿಗೆ ಕಾಲು ನಡುಗ್ತಿತ್ತು!"

"ಗೊತ್ತಮ್ಮ. ಇಳಿಸೋ ಹೊತ್ತಿಗೆ ನಮಗೆ ಸಾಕುಸಾಕಾಯ್ತು."

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮನೆಯಲ್ಲಿ ಅಮ್ಮ ಇದರ ಸೊಲ್ಲೇ ಎತ್ತಿರಲಿಲ್ಲ. ಇಂಥವಳ ಜೊತೆ ಒಂದೇ ಮೇಜಿನಲ್ಲಿ ಕೂತು ಉಂಡೆನಲ್ಲ ಎಂದು ಮೈ ಜುಮ್ಮೆಂದಿತು.

ಪೆಟ್ಟಿಗೆ ಇಳಿಸಲು ನಾಲ್ವರು ಹಗ್ಗ ಹಿಡಿದರು. ಮಾವನ ಹಿಡಿತ ಜಾರುತ್ತಿತ್ತು. ಅವನ ಹಗ್ಗವನ್ನು ಮಗಳು ತೆಗೆದುಕೊಂಡಳು. ಎದುರಿಗೆ ಮುದುಕ. ಪೆಟ್ಟಿಗೆ ನೆಲ ಬಿಟ್ಟು ಒಮ್ಮೆ ತೂಗಿತು. ಮಗಳು ಗಾಬರಿಯಿಂದ ಎಳೆಯಹೋದಳು.

"ಎಳೀಬೇಡಿ, ಸ್ವಲ್ಪ ಕಾಯಿರಿ," ಎಂದ ಅವನು. "ಅವತ್ತು ಕ್ರೇನಿನಲ್ಲಿ ನಿಮ್ಮ ತಾಯೀನೇ ಕಲಿಸಿದ್ದು."

ಮಗಳು ಕಾದಳು. ತೂಗಾಟ ತಾನಾಗಿ ತಗ್ಗಿತು. ಆಮೇಲೆ ಗೇಣು ಗೇಣಾಗಿ ಹಗ್ಗ ಬಿಟ್ಟರು. ಪೆಟ್ಟಿಗೆ ಗುಂಡಿಯ ಅಂಚಿನ ಒಂದು ಹಿಡಿ ಮಣ್ಣನ್ನೂ ಉದುರಿಸದೆ, ನೆಟ್ಟಗೆ ತಳ ಸೇರಿತು.