ಉರಿ ಹಾಕದ ಬಿಸಿನೀರು

೨೦೦೪ರ ಬೇಸಿಗೆ ರಜಕ್ಕೆ ಹಿಮಾಚಲಕ್ಕೆ ಹೋಗುವುದು, ಕುಲುವಿನ ಹತ್ತಿರ ಬಿಯಾಸ್ ಹೊಳೆಯ ಸೆಳವಿನಲ್ಲಿ ರಬ್ಬರ್ ದೋಣಿ ಹತ್ತುವುದು, ದಡದ ಟೆಂಟಿನಲ್ಲಿ ಮಲಗುವುದು, ಆಮೇಲೆ ಬಿಸಿನೀರಿನ ಬುಗ್ಗೆಯಲ್ಲಿ ಮೀಯುವುದು ಎಂದು ನಾನೂ ನನ್ನ ಗಂಡ ಸಿದ್ದುವೂ ತೀರ್ಮಾನಿಸಿದೆವು. ತೀರ್ಮಾನಿಸಿದ್ದು ನಾನು, ಅವರು ತಲೆಯಾಡಿಸಿದರು. ತಿ. ನರಸೀಪುರದ ಶಾಲೆಯಲ್ಲಿ ವರ್ಷಾ ವರ್ಷಾ ಹಿಮಾಲಯದ ನದಿಗಳ ಪಾಠ ಮಾಡುತ್ತೇನೆ. ನೋಡಿದ್ದು ಮಾತ್ರ ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ. ಈ ಸಲ ಏನೇ ಆಗಲಿ ಹೋಗಲೇಬೇಕು ಅಂತ ಹಟ ಹಿಡಿದಿದ್ದೆ.

ಅಡ್ಡಿ ಇದ್ದದ್ದು ಒಂದೇ. ಮಗಳು ಕವನ ಇನ್ನೂ ಚಿಕ್ಕವಳು, ದೋಣಿಗೆ ಹತ್ತಿಸುವಂತಿಲ್ಲ. ಮಾವ ಮರಿಯಯ್ಯನವರು ಮಗು ಅತ್ತರೆ ತಾವೇ ಎದ್ದು ಪಕ್ಕದ ಮನೆಗೆ ಹೋಗುವ ಪೈಕಿ. ಇನ್ನುಳಿದವರು ಅತ್ತೆ ಸಾಕಮ್ಮ. ಅವರು ಒಪ್ಪಿದರೆ ಪ್ರವಾಸ, ಇಲ್ಲವಾದರೆ ಇಲ್ಲ.

ಅತ್ತೆ ಸುಲಭಕ್ಕೆ ಒಪ್ಪುವ ಜೀವವಲ್ಲ. ಬೆಳಗಾಗುವ ಮುಂಚೆ ಎದ್ದು ಬಚ್ಚಲ ಒಲೆಗೆ ಸೌದೆ ತುರುಕಿ ಹಂಡೆ ಕಾಯಿಸುತ್ತಾರೆ. ಮಾವ, ಮಗ, ಶಾಲೆಗೆ ಹೊತ್ತಾಯಿತೆಂದು ಕುಣಿಯುವ ನಾನು, ಮಗು, ಎಲ್ಲರದೂ ಆದಮೇಲೆ ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರು ಅವರಿಗೆ. ಗೀಸರ್ ಹಾಕಿಸೋಣವೆಂದರೆ ಕರೆಂಟು ಹೊಡೆದು ಸಾಯೋಕಾ ಎಂದು ಗದರಿದ್ದರು. ಈಗ ಹೊಳೆಯ ಸುದ್ದಿಗೂ ಅದೇ ಗದರಿಕೆ. ಕೊನೆಗೆ ಒಂದು ಷರತ್ತು ಹಾಕಿದರು. ಅದೇನು ದೋಣಿಯೋ, ಅದೇನು ಬಟ್ಟೆಮನೆಯೋ, ಮೊದಲು ಇಲ್ಲೇ ತಮ್ಮ ಕಣ್ಣೆದುರು ಮಾಡಿ ತೋರಿಸಬೇಕು. ಬದುಕಿ ಉಳಿದರೆ ಮಗುವನ್ನು ನೋಡಿಕೊಳ್ಳುತ್ತಾರಂತೆ.

ಸರಿ, ಭಾನುವಾರ ಬೆಳಿಗ್ಗೆ ನಮ್ಮೂರ ಕಾವೇರಿ ಸಂಗಮದ ಮರಳಿನಲ್ಲಿ ಭತ್ತ ಒಣಗಿಸುವ ಟಾರ್ಪಾಲಿನಿಂದ ಟೆಂಟು ಕಟ್ಟಿದೆವು. ಮಗುವನ್ನು ಅದರ ನೆರಳಲ್ಲಿ ಮಾವನ ತೊಡೆಯ ಮೇಲೆ ಕೂರಿಸಿ ಹರಿಗೋಲಿನ ರಂಗನಾಯಕನನ್ನು ಕರೆದೆವು. ಸಿದ್ದು ತಲೆಗೆ ಸ್ಕೂಟರ್ ಹೆಲ್ಮೆಟ್ಟು, ಬಿದ್ದರೆ ತೇಲಲೆಂದು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹತ್ತಿದರು. ಪರೀಕ್ಷೆ ಮಾಡುವವರು ದಡದಲ್ಲಿ ಕೂತರೆ ಹೇಗೆ ಎಂದು ಅತ್ತೆಯೂ ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ನಾನು ದಡದಲ್ಲಿ ಉಳಿದೆ.

ನಮ್ಮೂರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೆಲ್ಮೆಟ್ಟಿನವನೊಬ್ಬ ಹರಿಗೋಲಿನಲ್ಲಿ ಕೂತು ನೀರಿನೊಳಗೆ ಇಣುಕಿದರೆ ಜನ ತಿಳಿಯುವುದು ಒಂದೇ, ಯಾರೋ ಮುಳುಗಿದ್ದಾರೆ, ಹೆಣ ಹುಡುಕುತ್ತಿದ್ದಾರೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ದಡ ತುಂಬಿತು. ನಮ್ಮ ಬೀದಿಯ ಬಸವಯ್ಯನವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಮನೆಯವರಿಗೆ ತಿಳಿಸಿದ್ದೀರಾ ಎಂದು ನನ್ನನ್ನೇ ಕೇಳಿದರು. ಮನೆಯವರೇ ಅಲ್ಲಿ ಕೂತಿದ್ದಾರೆ ಎಂದು ರೇಗಿದೆ.

ಹಿಮಾಲಯದ ಹೊಳೆ ಹೇಗೋ ಹಾಗೆ ಆಡಿಸಪ್ಪ ಎಂದು ರಂಗನಾಯಕನಿಗೆ ನಾನೇ ಹೇಳಿದ್ದೆ. ಅವನು ಹರಿಗೋಲನ್ನು ಗಿರಗಿರನೆ ತಿರುಗಿಸಿದ. ಮೂರನೆಯ ಸುತ್ತಿಗೆ ನನ್ನ ಗಂಡ ಬೆಳಗಿನ ಇಡ್ಲಿಯನ್ನೆಲ್ಲ ಕಾವೇರಿಗೆ ಅರ್ಪಿಸಿದರು. ದಡದವರು ಹೋ ಎಂದರು. ಅತ್ತೆ ಮಾತ್ರ ಅಂಚು ಹಿಡಿದು, ಬಿದ್ದು ಬಿದ್ದು ನಗುತ್ತಾ, ಇನ್ನೊಂದ್ ಸುತ್ತು ಆಕ್ಲಾ ಎನ್ನುತ್ತಿದ್ದರು. ಅತ್ತೆ ಹಾಗೆ ನಕ್ಕದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಹರಿಗೋಲು ದಡಕ್ಕೆ ಬಂತು. ಗಂಡ ಮರಳಿನ ಮೇಲೆ ಅಂಗಾತ ಮಲಗಿದ್ದರು, ಪರೀಕ್ಷೆ ಫೇಲು. ಕೊನೆಯ ಆಸೆಗೆ ಟೆಂಟಿನೊಳಗೆ ಅತ್ತೆಯ ಪಕ್ಕ ಕೂತು ಬುಗ್ಗೆಯ ಕಥೆ ಹೇಳಿದೆ. ಸುತ್ತ ಹಿಮದ ಬೆಟ್ಟ, ನಡುವೆ ಹಬೆಯಾಡುವ ಕಲ್ಲಿನ ಕೊಳ, ಕುತ್ತಿಗೆಯವರೆಗೆ ಬಿಸಿನೀರು. ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

“ಅಲ್ಲಿ ಉರಿ ಆಕೋರು ಯಾರವ್ವ?”

“ಯಾರೂ ಇಲ್ಲ ಅತ್ತೆ. ಭೂಮಿಯೊಳಗಿಂದ್ಲೇ ಬಿಸಿಯಾಗಿ ಬತ್ತದೆ.”

“ಎಲ್ರೂ ಮಿಂದ ಮೇಲೂ?”

“ಎಲ್ರೂ ಮಿಂದ ಮೇಲೂ ಬಿಸೀನೇ.”

ಅತ್ತೆ ಎಲೆ ಮಡಿಸಿ ಬಾಯಿಗಿಟ್ಟರು. ಆಮೇಲೆ ಅವರು ಮಗನ ಕಡೆ ತಿರುಗಿದರು.

“ಸಿದ್ದು, ಮಗೀನ ನೀನೇ ನೋಡ್ಕೊ. ನಾನೂ ಇವ್ಳೂ ಓಯ್ತೀವಿ.”

ಸಿದ್ದು ಹೆಲ್ಮೆಟ್ಟಿನೊಳಗಿಂದಲೇ ತಲೆಯಾಡಿಸಿದರು. ಮಾವ ಎದ್ದು, ಮಗುವನ್ನು ಮಗನ ಎದೆಯ ಮೇಲೆ ಕೂರಿಸಿ, ಬಸವಯ್ಯನವರ ಜೊತೆ ಹೊರಟುಹೋದರು.

ಮನೆಯ ದಾರಿಯಲ್ಲಿ ಅತ್ತೆ ಇನ್ನೊಂದು ಷರತ್ತು ಹಾಕಿದರು. ಅಲ್ಲಿ ಮೊದಲು ನೀರಿಗಿಳಿಯುವವರು ಅವರಂತೆ, ಅವರು ಸಾಕು ಅನ್ನುವವರೆಗೂ ಯಾರೂ ಎಬ್ಬಿಸಬಾರದಂತೆ.